ಕಣಿವೆಯ ಆಚೆ, ಕಣಿವೆಯ ಈಚೆ: ಅಗಲಿದ ಜೀವಗಳು ಬೇರೆ ಪ್ರಭೇದಗಳಾಗುವ ಬಗೆ



ಒಂದೇ ಬಗೆಯ ಜೀವಿಗಳ ಸಮೂಹವೊಂದು ಎರಡು ಪಾಲಾಗುತ್ತದೆ. ನಡುವೆ ಒಂದು ಕಣಿವೆಯೋ ಕಡಲೋ ಮರಳುಗಾಡೋ ಬಂದು ನಿಲ್ಲುತ್ತದೆ. ಆಚೆಯವು ಈಚೆಗೆ ಬರುವುದಿಲ್ಲ, ಈಚೆಯವು ಆಚೆಗೆ ಹೋಗುವುದಿಲ್ಲ. ಲೆಕ್ಕವಿಲ್ಲದಷ್ಟು ತಲೆಮಾರುಗಳು ಕಳೆದ ಮೇಲೆ ಎರಡು ಪಾಲಿನವೂ ಎದುರುಬದುರಾದರೆ ಒಂದು ಇನ್ನೊಂದನ್ನು ತನ್ನದೆಂದು ಗುರುತಿಸುವುದಿಲ್ಲ. ಕೂಡಿದರೂ ಸಂತತಿ ಮುಂದುವರಿಯುವುದಿಲ್ಲ. ಇದ್ದ ಒಂದು ಪ್ರಭೇದ ಎರಡಾಗಿರುತ್ತದೆ. ಇದು ಹೇಗೆ ಆಗುತ್ತದೆ ಎಂಬುದು ಇಂದಿನ ಉಪನ್ಯಾಸದ ವಿಷಯ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ದೂರವೇ ಹೊಸ ಪ್ರಭೇದವನ್ನು ಹುಟ್ಟಿಸುತ್ತದೆ ಎಂಬ ಮಾತು ಪಠ್ಯಪುಸ್ತಕಗಳಲ್ಲಿ ಎಷ್ಟು ಸಲ ಬಂದಿದ್ದರೂ ಅದು ಅರ್ಧ ಸತ್ಯ. ದೂರದಿಂದ ಆಗುವುದು ಒಂದೇ ಕೆಲಸ, ಬೆರಕೆ ನಿಲ್ಲುವುದು. ಉಳಿದದ್ದೆಲ್ಲ ಕಾಲದ ಕೆಲಸ. ಆ ಕಾಲವನ್ನು ದಾಟಿ ಬರುವಷ್ಟು ಸಂಖ್ಯೆಯಲ್ಲಿ ಜೀವಿಗಳು ಬದುಕಿ ಉಳಿಯಬೇಕು. ಈ ಭೇದವನ್ನು ಮರೆತರೆ ಸಹ್ಯಾದ್ರಿಯಲ್ಲಿ ನಡೆದುಬಂದ ಸೃಷ್ಟಿಯೂ ಅರ್ಥವಾಗುವುದಿಲ್ಲ, ಇಂದು ಅಲ್ಲಿ ನಡೆಯುತ್ತಿರುವ ನಾಶವೂ ಅರ್ಥವಾಗುವುದಿಲ್ಲ.

1. ಪ್ರಭೇದ ಎಂಬ ಮಾತು

ಮೊದಲು ಪದವನ್ನು ಖಚಿತಪಡಿಸಿಕೊಳ್ಳೋಣ. ರೂಪ ನೋಡಿ ಪ್ರಭೇದವನ್ನು ನಿರ್ಣಯಿಸಲಾಗದು. ತೆಳ್ಳಗೆ ಎತ್ತರಕ್ಕಿರುವ ಮುಧೋಳದ ಬೇಟೆನಾಯಿಗೂ ಮನೆಯೊಳಗೆ ಓಡಾಡುವ ಗಿಡ್ಡ ಪಾಮೆರೇನಿಯನ್‌ಗೂ ಹೋಲಿಕೆ ಕಡಿಮೆ. ಆದರೂ ಎರಡೂ ನಾಯಿಯೇ. ಕುದುರೆ ಮತ್ತು ಕತ್ತೆ ಅದಕ್ಕಿಂತ ಹೆಚ್ಚು ಹೋಲುತ್ತವೆ. ಆದರೆ ಅವೆರಡಕ್ಕೆ ಹುಟ್ಟುವ ಹೇಸರಗತ್ತೆ ಗಟ್ಟಿಮುಟ್ಟಾಗಿದ್ದರೂ ಬಂಜೆ. ಕುದುರೆಯ ಜೀವಕೋಶದಲ್ಲಿ 64 ಕ್ರೋಮೊಸೋಮುಗಳು, ಕತ್ತೆಯದರಲ್ಲಿ 62, ಹೇಸರಗತ್ತೆಗೆ ಬರುವುದು 63. ಜೋಡಿ ಸಿಗದ ಈ ಲೆಕ್ಕದಲ್ಲಿ ಮುಂದಿನ ಪೀಳಿಗೆಯ ಬೀಜಕಣಗಳು ಸರಿಯಾಗಿ ಕೂಡಿಬರುವುದಿಲ್ಲ.

ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಪಕ್ಷಿವಿಜ್ಞಾನಿ ಅರ್ನ್‌ಸ್ಟ್ ಮಾಯರ್ 1942ರ ತಮ್ಮ ಗ್ರಂಥದಲ್ಲಿ ಈ ವಿವೇಕವನ್ನೇ ಲಕ್ಷಣವಾಗಿ ಕಟ್ಟಿಕೊಟ್ಟರು. ಅವರ ಪ್ರಕಾರ ತಮ್ಮತಮ್ಮೊಳಗೆ ಕೂಡಿ ಸಂತತಿ ಬೆಳೆಸುವ, ಅಂಥ ಇತರ ಗುಂಪುಗಳೊಂದಿಗೆ ಬೆರೆಯದೆ ಬೇರೆಯಾಗಿ ನಿಲ್ಲುವ ಜೀವಿಗಳ ಸಮೂಹವೇ ಪ್ರಭೇದ. ಪ್ರಭೇದವನ್ನು ಕಟ್ಟುವುದು ಬೆರಕೆ, ಅದರ ಎಲ್ಲೆಯನ್ನು ಬರೆಯುವುದು ಬೆರಕೆಯ ಅಭಾವ.

ಈ ಲಕ್ಷಣಕ್ಕೆ ಮಿತಿಗಳಿವೆ. ಕೂಡದೆಯೇ ಒಡೆದು ಹೆಚ್ಚುವ ಬ್ಯಾಕ್ಟೀರಿಯಾಗಳಿಗೆ ಇದು ಅನ್ವಯಿಸದು. ಕಲ್ಲಾಗಿ ಉಳಿದ ಪಳೆಯುಳಿಕೆಗಳಿಗೂ ಅನ್ವಯಿಸದು. ನಮ್ಮ ವಿಷಯಕ್ಕೆ ತೀರ ಹತ್ತಿರದ ತೊಡಕು ಬೇರೆಯೇ. ದೂರದೂರ ಇರುವ ಎರಡು ಗುಂಪುಗಳು ಎಂದೂ ಭೇಟಿಯಾಗದಿದ್ದರೆ, ಅವು ಕೂಡುತ್ತವೋ ಇಲ್ಲವೋ ಎಂದು ಪರೀಕ್ಷಿಸುವುದು ಹೇಗೆ? ಆಗ ವಿಜ್ಞಾನಿ ನ್ಯಾಯಾಧೀಶನಂತೆ ಸಾಂದರ್ಭಿಕ ಸಾಕ್ಷ್ಯಗಳನ್ನು ಕಲೆಹಾಕಬೇಕಾಗುತ್ತದೆ. ಮೈಬಣ್ಣ, ಕೂಗು, ನಡವಳಿಕೆ, ಡಿಎನ್‌ಎ ಎಲ್ಲವನ್ನೂ ಒಟ್ಟಿಗಿಟ್ಟು ತೂಗಬೇಕು. ಒಂದೇ ಹಕ್ಕಿಯನ್ನು ಒಬ್ಬರು ಪ್ರಭೇದ ಎಂದೂ ಇನ್ನೊಬ್ಬರು ಉಪಪ್ರಭೇದ ಎಂದೂ ಕರೆಯುವುದು ಇದರಿಂದಲೇ. ಅದು ವಿಜ್ಞಾನದ ಸೋಲಲ್ಲ. ಒಂದು ಎರಡಾಗುವುದು ಕ್ಷಣದಲ್ಲಿ ಮುಗಿಯುವ ಘಟನೆಯಲ್ಲವಾದ್ದರಿಂದ, ಅರ್ಧ ದಾರಿಯಲ್ಲಿರುವ ಜೀವಗಳು ಲೋಕದಲ್ಲಿ ಇರಲೇಬೇಕು.

2. ಒಂದು ಹಳೆಯ ವಾದ

ಆಲ್ಫ್ರೆಡ್ ರಸೆಲ್ ವಾಲೇಸ್ ದಕ್ಷಿಣ ಅಮೆರಿಕದಿಂದ ಮರಳಿದ 1852ರಲ್ಲಿ ಅಮೆಜಾನ್ ಕೋತಿಗಳ ಬಗ್ಗೆ ಒಂದು ಪ್ರಬಂಧ ಓದಿದರು. ಅಮೆಜಾನ್, ನೀಗ್ರೊ, ಮದೈರಾದಂಥ ಮಹಾನದಿಗಳ ಒಂದು ದಡದಲ್ಲಿ ಕಾಣುವ ಕೋತಿ ಇನ್ನೊಂದು ದಡದಲ್ಲಿ ಕಾಣುವುದಿಲ್ಲ, ಅಲ್ಲಿ ಅದರ ಸಮೀಪದ ಬಂಧು ಇರುತ್ತದೆ ಎಂಬುದು ಅವರ ಗಮನಿಕೆ. ಅದಕ್ಕೂ ಮೊದಲು, 1835ರಲ್ಲಿ, ಗಲಪಗಸ್ ದ್ವೀಪಗಳಿಗೆ ಹೋಗಿದ್ದ ಚಾರ್ಲ್ಸ್ ಡಾರ್ವಿನ್‌ಗೆ ಅಲ್ಲಿನ ಅಣಕುಹಕ್ಕಿಗಳು ದ್ವೀಪದಿಂದ ದ್ವೀಪಕ್ಕೆ ಬದಲಾಗುವುದು ಕಂಡಿತ್ತು. ಇಂದು ಎಲ್ಲರೂ ಹೇಳುವ ಫಿಂಚ್ ಹಕ್ಕಿಗಳ ವಿಷಯದಲ್ಲಿ ಡಾರ್ವಿನ್ ಅಷ್ಟು ಎಚ್ಚರ ವಹಿಸಿರಲಿಲ್ಲ. ಯಾವುದು ಯಾವ ದ್ವೀಪದ್ದೆಂದು ಸರಿಯಾಗಿ ಗುರುತು ಹಾಕಿರಲಿಲ್ಲ. ಅವು ಬೇರೆಬೇರೆ ಪ್ರಭೇದಗಳೆಂದು ತೋರಿಸಿಕೊಟ್ಟವರು ಲಂಡನ್ನಿನ ಪಕ್ಷಿತಜ್ಞ ಜಾನ್ ಗೂಲ್ಡ್.

ಇಷ್ಟಾದರೂ, ಅಗಲಿಕೆ ಇಲ್ಲದೆ ಹೊಸ ಪ್ರಭೇದವೇ ಇಲ್ಲ ಎಂಬ ಮಾತನ್ನು ಡಾರ್ವಿನ್ ಒಪ್ಪಲಿಲ್ಲ. ಆ ಮಾತನ್ನು ಹಟ ಹಿಡಿದು ಹೇಳಿದವರು ಜರ್ಮನಿಯ ಮೊರಿಟ್ಸ್ ವಾಗ್ನರ್. 1868ರ ತಮ್ಮ ಪುಸ್ತಕದಲ್ಲಿ ಅವರು, ವಲಸೆ ಹೋಗಿ ಮೂಲದಿಂದ ಕಡಿದುಕೊಂಡ ಗುಂಪು ಮಾತ್ರ ಹೊಸದಾಗಬಲ್ಲದು ಎಂದು ವಾದಿಸಿದರು. ಒಂದೇ ನೆಲದಲ್ಲಿ ಬೇರೆಬೇರೆ ಬದುಕಿಗೆ ಹೊಂದಿಕೊಳ್ಳುತ್ತಲೂ ಜೀವಿಗಳು ಕವಲೊಡೆಯಬಲ್ಲವು ಎಂಬುದು ಡಾರ್ವಿನ್ ನಿಲುವು. ಮುಕ್ಕಾಲು ಶತಮಾನದ ಬಳಿಕ ಮಾಯರ್ ವಾಗ್ನರರ ವಾದವನ್ನು ಮತ್ತೆ ಎತ್ತಿಕೊಂಡರು. ನ್ಯೂಗಿನಿ ಮತ್ತು ಸೊಲೊಮನ್ ದ್ವೀಪಗಳ ಹಕ್ಕಿಗಳನ್ನು ವರ್ಷಗಟ್ಟಲೆ ಕಂಡು ಅಳೆದು ಹೋಲಿಸಿದ್ದ ಅವರು, ಭೌಗೋಳಿಕ ಅಗಲಿಕೆಯೇ ರಾಜಮಾರ್ಗ ಎಂದು ಸಾಧಿಸಿದರು. ಪ್ರಾಣಿಲೋಕದ ಮಟ್ಟಿಗೆ ಇಂದಿಗೂ ಬಹುಪಾಲು ವಿಜ್ಞಾನಿಗಳ ಒಲವು ಆ ಕಡೆಗೇ.

3. ಮೂರು ಕಾರಣಗಳು

ನಮ್ಮ ದರ್ಶನಶಾಸ್ತ್ರಗಳು ಕಾರಣಗಳನ್ನು ವಿಂಗಡಿಸುವಾಗ ಮಡಕೆಯ ದೃಷ್ಟಾಂತ ಕೊಡುತ್ತವೆ. ಮಣ್ಣು ಉಪಾದಾನ ಕಾರಣ, ಕುಂಬಾರ ನಿಮಿತ್ತ ಕಾರಣ. ಇವುಗಳ ಜೊತೆಗೆ ಒದಗಿಬರುವ ತಿಗರಿ, ಕೋಲು ಮುಂತಾದವು ಸಹಕಾರಿ ಕಾರಣ. ಪ್ರಭೇದದ ಹುಟ್ಟನ್ನು ವಿವರಿಸಲು ಈ ವಿಂಗಡಣೆ ಚೆನ್ನಾಗಿ ಒದಗುತ್ತದೆ.

ಉಪಾದಾನ ಯಾವುದು? ವಂಶವಾಹಿಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ತಾನಾಗಿ ಆಗುವ ಸಣ್ಣಪುಟ್ಟ ಮಾರ್ಪಾಡು, ಎಂದರೆ ಉತ್ಪರಿವರ್ತನೆ. ಡಿಎನ್‌ಎ ನಕಲಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಒಂದೇ ಓಲೆಗರಿಯನ್ನು ಇಬ್ಬರು ಲಿಪಿಕಾರರು ಪ್ರತಿ ಮಾಡಿದರೆ ಇಬ್ಬರೂ ಒಂದೇ ಕಡೆ ತಪ್ಪುವುದಿಲ್ಲ. ಹಾಗೆಯೇ ಕಣಿವೆಯ ಆಚೆಗೂ ಈಚೆಗೂ ಬೇರೆಬೇರೆ ತಪ್ಪುಗಳು ಸೇರುತ್ತ ಹೋಗುತ್ತವೆ.

ನಿಮಿತ್ತ ಎರಡು. ಒಂದು ನಿಸರ್ಗದ ಆಯ್ಕೆ. ಮಳೆ ಹೆಚ್ಚಿರುವ ಕಡೆ ಒಂದು ಗುಣ ಗೆಲ್ಲುತ್ತದೆ, ಮಳೆ ಕಡಿಮೆಯ ಕಡೆ ಇನ್ನೊಂದು. ಎರಡನೆಯದು ಕೇವಲ ಆಕಸ್ಮಿಕ. ವಿಜ್ಞಾನಿಗಳು ಇದನ್ನು ಜೆನೆಟಿಕ್ ಡ್ರಿಫ್ಟ್ ಎನ್ನುತ್ತಾರೆ. ಕೆಂಪು ಜೋಳ ಬಿಳಿ ಜೋಳ ಸಮನಾಗಿ ಬೆರೆತ ಚೀಲದಿಂದ ಹಿಡಿ ಕಾಳು ತೆಗೆದರೆ ಕೈಗೆ ಬಂದದ್ದರಲ್ಲಿ ಕೆಂಪೇ ಹೆಚ್ಚಿರಬಹುದು. ಆ ಹಿಡಿಯನ್ನೇ ಬಿತ್ತಿ, ಬಂದ ಫಸಲಿನಿಂದ ಮತ್ತೆ ಹಿಡಿ ತೆಗೆದು ಬಿತ್ತುತ್ತ ಹೋದರೆ ಒಂದು ದಿನ ಬಿಳಿ ಜೋಳ ಕಾಣೆಯಾಗುತ್ತದೆ. ಬಿಳಿ ಕೆಟ್ಟದ್ದೆಂದಲ್ಲ, ಹಿಡಿ ಚಿಕ್ಕದೆಂದು. ಗುಂಪು ಚಿಕ್ಕದಾದಷ್ಟೂ ಆಕಸ್ಮಿಕದ ಕೈ ಮೇಲು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ, ಕೊನೆಯಲ್ಲಿ ಇದು ಬೇಕಾಗುತ್ತದೆ.

ಇನ್ನು ಕಣಿವೆ, ಕಡಲು, ನದಿ. ಇವು ಸಹಕಾರಿ ಕಾರಣ ಮಾತ್ರ. ನಡುವಿನ ಬಾಗಿಲು ತೆರೆದಿದ್ದರೆ ಆಚೆಯ ಹೊಸ ಗುಣ ಈಚೆಗೂ ಹರಿದು ಬಂದು ಎರಡೂ ಸಮನಾಗುತ್ತಿದ್ದವು. ಬಾಗಿಲು ಮುಚ್ಚಿದ್ದರಿಂದ ಎರಡು ಕೋಣೆಗಳಲ್ಲಿ ಎರಡು ಚರಿತ್ರೆ ನಡೆಯಿತು. ಬಾಗಿಲು ಮುಚ್ಚಿತೆಂಬುದರಿಂದಲೇ ಚರಿತ್ರೆ ನಡೆಯುವುದಿಲ್ಲ.

ಆದರೆ ಬೇರೆಯಾಗುವುದು ಒಂದು, ಕೂಡಲಾರದಂತಾಗುವುದು ಇನ್ನೊಂದು. ಎರಡೂ ಕಡೆಯ ಜೀವಿಗಳು ತಮ್ಮ ನೆಲೆಯಲ್ಲಿ ಸುಖವಾಗಿರುವಾಗ ಅವುಗಳ ಮಿಶ್ರ ಸಂತಾನ ಏಕೆ ಬಂಜೆಯಾಗಬೇಕು? ಬಂಜೆತನವನ್ನು ಯಾವ ನಿಸರ್ಗವೂ ಆಯ್ದುಕೊಳ್ಳದು. ಈ ಒಗಟನ್ನು ಬಿಡಿಸಿದವರಲ್ಲಿ ಥಿಯೊಡೋಸಿಯಸ್ ಡೊಬ್ಜಾನ್ಸ್ಕಿ ಮುಖ್ಯರು. ಅವರ ವಿವರಣೆಯನ್ನು ನಮ್ಮ ಸಂಸಾರದ ಮಾತಿನಲ್ಲಿ ಹೇಳಬಹುದು. ಅಣ್ಣತಮ್ಮಂದಿರು ಪಾಲಾದರು. ಇಬ್ಬರ ಪಾಲಿಗೂ ಒಂದೇ ಅಚ್ಚಿನ ಬೀಗ, ಒಂದೇ ಅಚ್ಚಿನ ಕೀಲಿಕೈ ಬಂತು. ಅಣ್ಣನ ಮನೆಯಲ್ಲಿ ಬೀಗ ಸವೆದಾಗ ಅದಕ್ಕೆ ಹೊಂದುವಂತೆ ಕೀಲಿಕೈ ಅರೆದರು, ಕೀಲಿಕೈ ಬಾಗಿದಾಗ ಬೀಗ ತಿದ್ದಿದರು. ತಮ್ಮನ ಮನೆಯಲ್ಲೂ ಹಾಗೆಯೇ. ಎರಡೂ ಮನೆಗಳಲ್ಲಿ ಬಾಗಿಲು ತೆರೆಯದೆ ಹೋದ ದಿನ ಒಂದೂ ಇಲ್ಲ. ಮೊಮ್ಮಕ್ಕಳ ಕಾಲಕ್ಕೆ ಈ ಮನೆಯ ಕೀಲಿಕೈ ಆ ಮನೆಯ ಬೀಗಕ್ಕೆ ಹಾಕಿ ನೋಡಿದರೆ ತಿರುಗುವುದಿಲ್ಲ. ಯಾರೂ ಬಯಸಿ ಮಾಡಿದ್ದಲ್ಲ. ಆಚೆಯ ಹೊಸ ವಂಶವಾಹಿ ಈಚೆಯ ಹೊಸ ವಂಶವಾಹಿಯೊಡನೆ ಎಂದೂ ಒಂದೇ ದೇಹದಲ್ಲಿ ಪರೀಕ್ಷೆಗೆ ಒಳಗಾಗಿರಲಿಲ್ಲ, ಅಷ್ಟೆ. ಕೂಡಲಾರದ ಸ್ಥಿತಿ ಅಗಲಿಕೆಯ ಗುರಿಯಲ್ಲ, ಅದರ ಉಪಫಲ.

4. ಸಹ್ಯಾದ್ರಿಯ ಸಾಕ್ಷ್ಯ

ಈಗ ತತ್ತ್ವವನ್ನು ನೆಲಕ್ಕೆ ಇಳಿಸೋಣ. ಗಲಪಗಸ್ಸಿನಷ್ಟು ದೂರ ಹೋಗಬೇಕಿಲ್ಲ. ಸುಮಾರು 1600 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ ಪಶ್ಚಿಮ ಘಟ್ಟ ಹೊರನೋಟಕ್ಕೆ ಒಂದೇ ಗೋಡೆಯಂತಿದ್ದರೂ ಅದರಲ್ಲಿ ಬಿರುಕುಗಳಿವೆ. ಅವುಗಳಲ್ಲಿ ದೊಡ್ಡದು ಪಾಲಕ್ಕಾಡ್ ಕಣಿವೆ. ಉತ್ತರಕ್ಕೆ 2637 ಮೀಟರ್ ಎತ್ತರದ ದೊಡ್ಡಬೆಟ್ಟವನ್ನು ಹೊತ್ತ ನೀಲಗಿರಿ, ದಕ್ಷಿಣಕ್ಕೆ 2695 ಮೀಟರಿನ ಆನೆಮುಡಿಯನ್ನು ಹೊತ್ತ ಆನೆಮಲೆಯ ಸೀಮೆ. ನಡುವೆ ಮೂವತ್ತು ನಲವತ್ತು ಕಿಲೋಮೀಟರ್ ಅಗಲದ ತಗ್ಗು ನೆಲ. ಕೊಯಮತ್ತೂರಿನಿಂದ ಕೇರಳಕ್ಕೆ ಹೋಗುವ ರೈಲು ಘಟ್ಟ ಹತ್ತದೆ ದಾಟುವುದು ಇದರಲ್ಲೇ. ಇನ್ನೂ ದಕ್ಷಿಣಕ್ಕೆ, ಅಗಸ್ತ್ಯಮಲೆಗೆ ಮೊದಲು, ಸೆಂಗೋಟ್ಟೈ ಎಂಬ ಕಿರಿದಾದ ಕಣಿವೆ ಇದೆ.

ಈ ಬೆಟ್ಟಗಳ ನೆತ್ತಿಯಲ್ಲಿ ಹುಲ್ಲುಗಾವಲಿನ ನಡುವೆ, ನೀರು ಜಿನುಗುವ ಮಡಿಲುಗಳಲ್ಲಿ ಕುಳ್ಳಗಿನ ದಟ್ಟ ಕಾಡು ಬೆಳೆಯುತ್ತದೆ. ಅದೇ ಶೋಲಾ. ಕೆಳಗಿನ ಬಿಸಿಲ ನೆಲಕ್ಕೂ ಮೇಲಿನ ತಂಪಿಗೂ ಹೋಲಿಕೆಯೇ ಇಲ್ಲ. ಶೋಲಾದಲ್ಲಿ ಹುಟ್ಟಿದ ಜೀವಕ್ಕೆ ತನ್ನ ಬೆಟ್ಟವೇ ದ್ವೀಪ, ಬಯಲೇ ಸಮುದ್ರ. ಜೀವವಿಜ್ಞಾನಿಗಳು ಇವನ್ನು ಗಗನದ್ವೀಪಗಳು ಎನ್ನುವುದು ಅದಕ್ಕೇ.

ಈ ದ್ವೀಪಗಳಲ್ಲಿ ನೆಲದ ಮಗ್ಗುಲಲ್ಲೇ, ಪೊದೆಗಳ ನೆರಳಿನಲ್ಲಿ ಕುಪ್ಪಳಿಸಿಕೊಂಡು ಹುಳು ಹೆಕ್ಕುವ ನೀಲಿ ಛಾಯೆಯ ಹಕ್ಕಿಯೊಂದಿದೆ. ನೀಲಗಿರಿಯದರ ಪಕ್ಕೆ ಕೆಂಗಂದು. ಪಾಲಕ್ಕಾಡಿನ ದಕ್ಷಿಣದ್ದರಲ್ಲಿ ಆ ಕೆಂಪಿಲ್ಲ, ಹೊಟ್ಟೆ ಬೆಳ್ಳಗೆ. ಬಹುಕಾಲ ಇವೆರಡನ್ನೂ ಒಂದೇ ಪ್ರಭೇದದ ಎರಡು ರೂಪಗಳೆಂದು ಎಣಿಸಿದ್ದರು. ವಿ. ವಿ. ರಾಬಿನ್, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು ಡಿಎನ್‌ಎ, ಮೈಯಳತೆ, ಹಾಡು ಎಲ್ಲವನ್ನೂ ಕೂಡಿಸಿ ನೋಡಿ 2017ರಲ್ಲಿ ಬೇರೆಯೇ ತೀರ್ಮಾನಕ್ಕೆ ಬಂದರು. ಈ ಹಕ್ಕಿಗಳು ಹಿಂದೆ ನಂಬಿದ್ದ ಕುಲಕ್ಕೆ ಸೇರಿದವೇ ಅಲ್ಲ, ನೊಣಹಿಡುಕ ಹಕ್ಕಿಗಳ ಬಂಧುಗಳು. ಇವುಗಳಿಗೆ 'ಶೋಲಿಕೋಲ' ಎಂಬ ಹೊಸ ಕುಲನಾಮ ಬಂತು. ಅದರೊಳಗೆ ಮೂರು ಪ್ರಭೇದಗಳು: ನೀಲಗಿರಿಯ ಕಡೆಯದೊಂದು, ಆನೆಮಲೆ-ಪಳನಿಯದೊಂದು, ಸೆಂಗೋಟ್ಟೈ ಕಣಿವೆಯಾಚೆ ಅಗಸ್ತ್ಯಮಲೆಯದೊಂದು. ಅದೇ ಅಧ್ಯಯನ ಶೋಲಾದ ನಗೆಮಲ್ಲ ಹಕ್ಕಿಗಳನ್ನೂ 'ಮಾಂಟಿಸಿಂಕ್ಲ' ಎಂಬ ಹೊಸ ಕುಲದಡಿ ತಂದಿತು. ಅವು ನಾಲ್ಕು: ನೀಲಗಿರಿಯದು, ವಯನಾಡಿನ ಬಾಣಾಸುರ ಬೆಟ್ಟದ ಕಡೆಯದು, ಪಳನಿ-ಆನೆಮಲೆಯದು, ಅಗಸ್ತ್ಯಮಲೆಯದು. ಎರಡು ಬೇರೆ ಕುಲಗಳ ಹಕ್ಕಿಗಳು ಒಂದೇ ಕಣಿವೆಗಳ ಬಳಿ ಕವಲೊಡೆದಿವೆ. ಒಂದು ಸಾಕ್ಷಿ ಹೇಳಿದ್ದನ್ನು ಇನ್ನೊಂದು ಸಾಕ್ಷಿ ಸ್ವತಂತ್ರವಾಗಿ ಸಮರ್ಥಿಸಿದಂತೆ.

ಆದರೆ ಇಲ್ಲಿ ನಿಲ್ಲಿಸಿದರೆ ಪೂರ್ಣ ಸತ್ಯ ಹೇಳಿದಂತಾಗುವುದಿಲ್ಲ. ಇದೇ ತಂಡ 2015ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ 23 ಪ್ರಭೇದಗಳ 356 ಹಕ್ಕಿಗಳ ಡಿಎನ್‌ಎ ಪರಿಶೀಲಿಸಿತು. ಅವುಗಳಲ್ಲಿ 10 ಪ್ರಭೇದಗಳ ಅತಿ ಹಳೆಯ ಕವಲು ಪಾಲಕ್ಕಾಡ್ ಕಣಿವೆಯಲ್ಲಿ ಕಂಡಿತು. ಆ ಹತ್ತರಲ್ಲಿ ಕೆಲವು ಕಿರಿದಾದ ಕಣಿವೆಗಳಲ್ಲಿ ಆಮೇಲೆ ಮತ್ತೆ ಕವಲೊಡೆದಿದ್ದವು. ಉಳಿದ 13ಕ್ಕೆ ಪಾಲಕ್ಕಾಡ್ ಅಂಥ ಗೆರೆ ಎಳೆದಿರಲಿಲ್ಲ. ಕಣಿವೆ ಎಲ್ಲರಿಗೂ ಒಂದೇ. ಅದು ಅಡ್ಡಿಯೋ ಅಲ್ಲವೋ ಎಂಬುದು ಜೀವಿಯ ರೆಕ್ಕೆ, ಕಾಲು, ಅಭ್ಯಾಸಗಳನ್ನು ಅವಲಂಬಿಸಿದೆ. ನೆರಳು ಬಿಟ್ಟು ಬಯಲಿಗೆ ಬಾರದ ಹಕ್ಕಿಗೆ ಮೂವತ್ತು ಕಿಲೋಮೀಟರ್ ಮಹಾಸಾಗರ. ಬಯಲಲ್ಲೂ ಬದುಕಬಲ್ಲ ಹಕ್ಕಿಗೆ ಅದು ಒಂದು ಹೊತ್ತಿನ ಹಾರಾಟ. ಆನೆಯಂಥ ದೂರಗಾಮಿಯ ಡಿಎನ್‌ಎಯಲ್ಲೂ ಪಾಲಕ್ಕಾಡಿನ ಉತ್ತರ ದಕ್ಷಿಣಗಳ ನಡುವೆ ವ್ಯತ್ಯಾಸ ಕಂಡುಬಂದಿದೆ. ಆದರೂ ಆಚೆಯದೂ ಆನೆಯೇ, ಈಚೆಯದೂ ಆನೆಯೇ. ಗೆರೆ ಇದೆ, ಪ್ರಭೇದ ಎರಡಾಗಿಲ್ಲ.

5. ಕಾಲದ ಲೆಕ್ಕ

ಇನ್ನೊಂದು ಸೂಕ್ಷ್ಮವಿದೆ. ಪಾಲಕ್ಕಾಡ್ ಕಣಿವೆ ಈ ಹಕ್ಕಿಗಳ ಅಗಲಿಕೆಗಿಂತ ಬಹಳ ಹಳೆಯದು. ಆ 10 ಪ್ರಭೇದಗಳೂ ಒಂದೇ ಕಾಲಕ್ಕೆ ಕವಲೊಡೆದದ್ದಲ್ಲ. ಬಹುಪಾಲು ಕವಲುಗಳು ಕಳೆದ ಸುಮಾರು 26 ಲಕ್ಷ ವರ್ಷಗಳ ಹಿಮಯುಗಗಳ ಸರಣಿಯಲ್ಲಿ ಬೇರೆಬೇರೆ ಹೊತ್ತಿಗೆ ಆಗಿವೆ. ಹಾಗಾದರೆ ಕಣಿವೆಯೊಂದೇ ಕಾರಣವಲ್ಲ. ಮತ್ತೇನು?

ಉತ್ತರದ ಸುಳಿವು ನೀಲಗಿರಿಯ ಜೌಗು ಮಣ್ಣಿನಲ್ಲಿದೆ. ರಾಮನ್ ಸುಕುಮಾರ್ ಮತ್ತು ಸಹೋದ್ಯೋಗಿಗಳು 1993ರಲ್ಲಿ ಅಲ್ಲಿನ ಪೀಟ್ ಪದರಗಳಲ್ಲಿ ಉಳಿದ ಕಾರ್ಬನ್ನಿನ ಬಗೆಯನ್ನು ಓದಿ, ಯಾವ ಕಾಲದಲ್ಲಿ ಹುಲ್ಲು ಹೆಚ್ಚಿತ್ತು, ಯಾವಾಗ ಮರಗಳಿಗೆ ಅನುಕೂಲವಿತ್ತು ಎಂದು ತೋರಿಸಿದರು. ಸುಮಾರು 20 ಸಾವಿರ ವರ್ಷಗಳ ಹಿಂದೆ, ಕೊನೆಯ ಹಿಮಯುಗದ ಉತ್ತುಂಗದಲ್ಲಿ, ಮುಂಗಾರು ಸೊರಗಿ ಹುಲ್ಲು ಹಬ್ಬಿತ್ತು. ತೇವ ಮರಳಿದಾಗ ಕಾಡೂ ಮರಳಿತು. ಹೀಗೆ ಶೋಲಾ ಹಿಗ್ಗುತ್ತ ಕುಗ್ಗುತ್ತ ಬಂದಿದೆ. ಹಿಗ್ಗಿದಾಗ ಹಕ್ಕಿಗಳ ನಡುವಿನ ಬಾಗಿಲು ಸ್ವಲ್ಪ ತೆರೆದಿರಬೇಕು, ಕುಗ್ಗಿದಾಗ ಮುಚ್ಚಿರಬೇಕು. ಕಣಿವೆ ಚೌಕಟ್ಟಾದರೆ ಹವಾಮಾನ ಅದರ ಕದ. ಪ್ರತಿಯೊಂದು ಪ್ರಭೇದಕ್ಕೂ ಆ ಕದ ಕೊನೆಯದಾಗಿ ಮುಚ್ಚಿದ ಹೊತ್ತು ಬೇರೆ.

ಪನಾಮಾ ಭೂಕಂಠದ ಕಥೆಯೂ ಇದನ್ನೇ ಹೇಳುತ್ತದೆ. ಸುಮಾರು 30 ಲಕ್ಷ ವರ್ಷಗಳ ಹಿಂದೆ ಉತ್ತರ ದಕ್ಷಿಣ ಅಮೆರಿಕಗಳ ನಡುವೆ ನೆಲ ಎದ್ದು ಪೆಸಿಫಿಕ್ ಮತ್ತು ಕೆರಿಬಿಯನ್ ಕಡಲುಗಳು ಅಗಲಿದವು. ಎರಡೂ ಬದಿಯಲ್ಲಿ ಕೊಂಬನ್ನು ಚಿಟಿಕೆಯಂತೆ ಸಿಡಿಸುವ ಸಿಗಡಿಗಳಿವೆ, ಪ್ರತಿಯೊಂದಕ್ಕೂ ಆಚೆ ಒಂದು ಅವಳಿ. ನ್ಯಾನ್ಸಿ ನೋಲ್ಟನ್ ಮತ್ತು ಸಂಗಡಿಗರು ಇಂಥ 7 ಜೋಡಿಗಳನ್ನು ಒಟ್ಟಿಗೆ ಬಿಟ್ಟು ನೋಡಿದರು. ಅವು ಒಲಿಯುವ ಬದಲು ಹೆಚ್ಚಾಗಿ ಕಾದಾಡಿದವು, ಫಲವತ್ತಾದ ಮೊಟ್ಟೆಗಳು ಬಹು ವಿರಳ. ಡಿಎನ್‌ಎ ನೋಡಿದಾಗ ಎಲ್ಲ ಜೋಡಿಗಳೂ ಒಂದೇ ಕಾಲಕ್ಕೆ ಅಗಲಿರಲಿಲ್ಲ. ಆಳದ ನೀರಿನವು ಮೊದಲು ಬೇರೆಯಾಗಿದ್ದವು, ದಡದ ಕಾಂಡ್ಲಾ ಕಾಡಿನ ನೀರಿನವು ಕೊನೆಗೆ. ಏಳುತ್ತಿರುವ ನೆಲಕ್ಕೆ ಆಳದ ನೀರು ಮೊದಲು ಕಡಿದುಹೋಗುತ್ತದೆ, ತೆಳು ನೀರು ಕೊನೆಯವರೆಗೂ ಹರಿಯುತ್ತದೆ. ತಡೆ ಒಂದೇ ಆದರೂ ಜೀವಿಗೊಂದು ಗಡಿಯಾರ.

6. ಹಾಡೆಂಬ ಗಡಿ

ಅಗಲಿದ ಹಕ್ಕಿಗಳು ಮೊದಲು ಬೇರೆಯಾಗುವುದು ಹಲವು ಸಲ ಹಾಡಿನಲ್ಲಿ. ಹಾಡುಹಕ್ಕಿಗಳ ಮರಿಗಳು ಹಿರಿಯರನ್ನು ಕೇಳಿ ಹಾಡು ಕಲಿಯುತ್ತವೆ. ಡಿಎನ್‌ಎ ಬದಲಾಗಲು ಲಕ್ಷ ವರ್ಷ ಬೇಕಾದರೆ, ಕಲಿತ ಹಾಡು ಕೆಲವೇ ತಲೆಮಾರುಗಳಲ್ಲಿ ಬದಲಾಗಬಲ್ಲದು. ಗಂಡಿನ ಹಾಡು ಹೆಣ್ಣಿಗೆ ಅರ್ಥವಾಗದೆ ಹೋದರೆ ಅಲ್ಲಿಗೆ ಬೆರಕೆ ಮುಗಿಯಿತು.

ಇದನ್ನು ಗ್ರಹಿಸಲು ಕನ್ನಡಿಗರಿಗೆ ಪುಸ್ತಕ ಬೇಕಿಲ್ಲ. ಅದೇ ನೀಲಗಿರಿಯಲ್ಲಿ ಬಡಗರಿದ್ದಾರೆ. ಬಡಗ ಎಂದರೆ ಉತ್ತರದವರು. ಮೈಸೂರು ಸೀಮೆಯ ಕಡೆಯಿಂದ ಶತಮಾನಗಳ ಹಿಂದೆ ಬೆಟ್ಟ ಹತ್ತಿದವರೆಂದು ಪರಂಪರೆಯೂ ವಿದ್ವಾಂಸರೂ ಹೇಳುತ್ತಾರೆ. ದೊಡ್ಡಬೆಟ್ಟ ಎಂಬ ಹೆಸರು ನಮಗೆ ತಟ್ಟನೆ ತಿಳಿಯುತ್ತದೆ. ಆದರೆ ಬಡಗರು ವೇಗವಾಗಿ ಮಾತಾಡಿಕೊಂಡರೆ ಬೆಂಗಳೂರಿನ ಕನ್ನಡಿಗ ತಡವರಿಸುತ್ತಾನೆ. ನಾಲಿಗೆಯನ್ನು ಹಿಂದಕ್ಕೆ ಮಡಿಚಿ ನುಡಿಯುವ ಸ್ವರಗಳು ಆ ಭಾಷೆಯಲ್ಲಿರುವುದನ್ನು ಭಾಷಾವಿಜ್ಞಾನಿ ಎಂ. ಬಿ. ಎಮೆನೊ 1939ರಲ್ಲೇ ದಾಖಲಿಸಿದ್ದರು. ಬಡಗ ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಚರ್ಚೆಯೂ ಪ್ರಭೇದ-ಉಪಪ್ರಭೇದಗಳ ಚರ್ಚೆಯಂಥದೇ. ಹೋಲಿಕೆಗೊಂದು ಎಲ್ಲೆಯಿದೆ. ಅಗಲಿದ ಭಾಷೆಗಳು ಎಷ್ಟು ದೂರ ಹೋದರೂ ಪದಗಳನ್ನು ಸಾಲ ತರಬಲ್ಲವು, ಆಡುವವರು ಮತ್ತೆ ಸಂಸಾರ ಹೂಡಬಲ್ಲರು. ಪೂರ್ತಿ ಅಗಲಿದ ಪ್ರಭೇದಗಳಿಗೆ ಆ ದಾರಿ ಬಹುಮಟ್ಟಿಗೆ ಮುಚ್ಚಿದೆ.

ಶೋಲಾ ಹಕ್ಕಿಗಳ ಹಾಡಿನ ಬಗ್ಗೆ ಚೇತನಾ ಪುರುಷೋತ್ತಮ್ ಮತ್ತು ರಾಬಿನ್ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿನ ನನ್ನ ವಾದದ ಕೀಲು. ಅವರು ಆರು ನೆಲೆಗಳ 38 ಹಕ್ಕಿಗಳ 835 ಹಾಡುಗಳನ್ನು ವಿಶ್ಲೇಷಿಸಿದರು. ಕೆಲವು ನೆಲೆಗಳನ್ನು ಬೇರ್ಪಡಿಸಿದ್ದು ಪ್ರಾಚೀನ ಕಣಿವೆ, ಕೆಲವನ್ನು ಬೇರ್ಪಡಿಸಿದ್ದು ಇತ್ತೀಚಿನ ಕಾಡುನಾಶ. ಒಟ್ಟಾರೆ ಹಾಡುಗಳು ಮೂರು ದೊಡ್ಡ ಗುಂಪುಗಳಾಗಿ ಬಿದ್ದವು. ಆದರೆ ಶ್ವಾಸನಾಳದ ಬುಡದ ನಾದಪೆಟ್ಟಿಗೆಯನ್ನು ಬಳಸುವ ಕೆಲವು ಜಟಿಲ ವರಸೆಗಳು ಇತ್ತೀಚೆಗಷ್ಟೇ ತುಂಡಾದ ನೆಲೆಗಳ ನಡುವೆಯೂ ಬೇರೆಯಾಗಿದ್ದವು. ಅರ್ಥವಿಷ್ಟೆ: ಮನುಷ್ಯ ಕಡಿದ ಕಾಡಿನ ಎರಡು ತುಂಡುಗಳಲ್ಲಿ ಹಕ್ಕಿಗಳು ಆಗಲೇ ಬೇರೆಬೇರೆ ಪಾಠ ಕಲಿಯುತ್ತಿವೆ.

7. ಎರಡು ಆಕ್ಷೇಪಗಳು

ಪೂರ್ವಪಕ್ಷಕ್ಕೂ ಕಿವಿಗೊಡಬೇಕು. ಅಗಲಿಕೆಯಿಲ್ಲದೆ ಪ್ರಭೇದ ಹುಟ್ಟುವುದೇ ಇಲ್ಲವೆ? ಹುಟ್ಟುತ್ತದೆ, ಅದರ ಸಾಕ್ಷಿ ನಮ್ಮ ಒಗ್ಗರಣೆ ಡಬ್ಬಿಯಲ್ಲೇ ಇದೆ. 1935ರಲ್ಲಿ ನಗಹರು ಉ ಎಂಬ ವಿಜ್ಞಾನಿ ತೋರಿಸಿದಂತೆ, 36 ಕ್ರೋಮೊಸೋಮುಗಳ ನಮ್ಮ ಸಾಸಿವೆ ಹುಟ್ಟಿದ್ದು 20 ಕ್ರೋಮೊಸೋಮುಗಳ ಒಂದು ಗಿಡವೂ 16 ಕ್ರೋಮೊಸೋಮುಗಳ ಇನ್ನೊಂದು ಗಿಡವೂ ಕೂಡಿ. ಇಲ್ಲಿ ಅಗಲಿಕೆಯಲ್ಲ, ಬೆರಕೆಯೇ ಹೊಸದನ್ನು ತಂದಿತು. ಸಸ್ಯಲೋಕದಲ್ಲಿ ಇದು ಅಪರೂಪವಲ್ಲ. ಪ್ರಾಣಿಲೋಕದಲ್ಲಿ ಅಪರೂಪ.

ಎರಡನೆಯ ಆಕ್ಷೇಪ ಇನ್ನೂ ನಯವಾದದ್ದು. ಗ್ರೀನಿಶ್ ವಾರ್ಬ್ಲರ್ ಎಂಬ ಪುಟ್ಟ ಉಲಿಯಕ್ಕಿ ಚಳಿಗಾಲಕ್ಕೆ ನಮ್ಮ ಕಾಡುಗಳಿಗೂ ಬರುತ್ತದೆ. ಅದು ಮರಿ ಮಾಡುವ ನೆಲೆಗಳು ಟಿಬೆಟ್ ಪ್ರಸ್ಥಭೂಮಿಯ ಸುತ್ತ ಉಂಗುರದಂತೆ ಹಬ್ಬಿವೆ. ಹಿಮಾಲಯದಿಂದ ಎರಡೂ ಬದಿಗೆ ಸಾಗಿದಂತೆ ಹಾಡು ಮೆಲ್ಲಮೆಲ್ಲಗೆ ಬದಲಾಗುತ್ತದೆ. ಕೊನೆಗೆ ಸೈಬೀರಿಯಾದಲ್ಲಿ ಎರಡು ತುದಿಗಳು ಸಂಧಿಸಿದಾಗ ಒಂದರ ಹಾಡು ಇನ್ನೊಂದಕ್ಕೆ ಒಗ್ಗುವುದಿಲ್ಲ, ಅವು ಬೆರೆಯುವುದಿಲ್ಲ. ಎಲ್ಲೂ ಕಡಿಯದ ಸರಪಳಿಯಲ್ಲೂ ಪ್ರಭೇದ ಎರಡಾಗಬಲ್ಲದು ಎಂಬುದಕ್ಕೆ ಇದನ್ನು ಬಹುಕಾಲ ಉದಾಹರಿಸಿದರು. 2014ರಲ್ಲಿ ಡ್ಯಾರೆನ್ ಇರ್ವಿನ್ ಮತ್ತು ಸಂಗಡಿಗರು ಇನ್ನೂ ವಿಸ್ತಾರವಾಗಿ ಡಿಎನ್‌ಎ ಓದಿದಾಗ, ಈ ಉಂಗುರವೂ ಹಿಂದೊಮ್ಮೆ ಅಲ್ಲಲ್ಲಿ ಮುರಿದಿತ್ತೆಂದೂ, ಕೂಡುವುದಿಲ್ಲವೆಂದ ತುದಿಗಳ ನಡುವೆ ಅಲ್ಪಸ್ವಲ್ಪ ಬೆರಕೆ ಆಗಿದೆಯೆಂದೂ ತಿಳಿಯಿತು. ಮಾಯರ್ ಪಕ್ಷಕ್ಕೂ ಡಾರ್ವಿನ್ ಪಕ್ಷಕ್ಕೂ ಒಂದೊಂದು ಪಾಲು ಸಿಕ್ಕಿತು. ಅಗಲಿಕೆ ಇದೆ ಅಥವಾ ಇಲ್ಲ ಎಂದು ಎರಡೇ ಉತ್ತರ ಕೊಡುವುದು ಸಾಲದು. ಎಷ್ಟು ಅಗಲಿಕೆ, ಎಷ್ಟು ಕಾಲ ಎಂದು ಕೇಳಬೇಕು.

8. ನಾವು ಮಾಡುವ ಅಗಲಿಕೆ, ನಾವು ಮಾಡುವ ಬೆರಕೆ

ಈಗ ನಮ್ಮ ಕಾಲಕ್ಕೆ ಬರೋಣ. ಕಳೆದ ಒಂದೂವರೆ ಎರಡು ಶತಮಾನಗಳಲ್ಲಿ ಘಟ್ಟದ ನೆತ್ತಿಯ ಮೇಲೆ ಚಹಾ ತೋಟ ಬಂತು, ವ್ಯಾಟಲ್ ಮರ ಬಂತು, ನಾವು ನೀಲಗಿರಿ ಮರವೆಂದೇ ಕರೆಯುವ ಆಸ್ಟ್ರೇಲಿಯಾದ ಮರ ಬಂತು. ಶೋಲಾಗಳು ಇನ್ನಷ್ಟು ತುಂಡಾದವು. ಕಾಡು ತುಂಡಾದರೂ ಚಿಂತೆಯಿಲ್ಲ, ಅಗಲಿಕೆಯಿಂದ ಹೊಸ ಪ್ರಭೇದ ಹುಟ್ಟುವುದಲ್ಲವೆ ಎಂದು ಯಾರಾದರೂ ಕೇಳಬಹುದು. ಇಲ್ಲಿಯೇ ನಾನು ನೆನಪಿಡಿ ಎಂದ ಮಾತು ಬೇಕಾಗುತ್ತದೆ. ಹೀಗೆ ಅಗಲಿ ಪ್ರಭೇದವಾಗಲು ಸಾಮಾನ್ಯವಾಗಿ ಲಕ್ಷಾಂತರ ವರ್ಷ ಬೇಕು. ಸಣ್ಣ ತುಂಡಿನಲ್ಲಿ ಸಿಕ್ಕಿಬಿದ್ದ ಸಣ್ಣ ಗುಂಪಿಗೆ ಅಷ್ಟು ಆಯುಸ್ಸಿಲ್ಲ. ಹಿಡಿ ಚಿಕ್ಕದಾದರೆ ಬಿಳಿ ಜೋಳ ಬೇಗ ಕಾಣೆಯಾಗುತ್ತದೆ. ರಕ್ತಸಂಬಂಧಿಗಳೇ ಕೂಡಿ ಸಂತತಿ ಸೊರಗುತ್ತದೆ, ಒಂದು ಕಾಳ್ಗಿಚ್ಚು ಅಥವಾ ಒಂದು ರೋಗ ಅದನ್ನು ಮುಗಿಸುತ್ತದೆ. ಪ್ರಾಚೀನ ಕಣಿವೆ ಎರಡೂ ಬದಿಯಲ್ಲಿ ಒಂದೊಂದು ಪರ್ವತವನ್ನೇ ಬಿಟ್ಟಿತ್ತು. ನಮ್ಮ ಗರಗಸ ಬಿಟ್ಟಿರುವುದು ಒಂದೊಂದು ಮಡಿಲನ್ನು. ಎರಡನ್ನೂ ಅಗಲಿಕೆ ಎಂಬ ಒಂದೇ ಹೆಸರಿನಿಂದ ಕರೆಯುವುದು ಭಾಷೆಯ ಬಡತನ.

ಇದರ ವಿರುದ್ಧದ ತಪ್ಪೂ ನಮ್ಮಿಂದ ಆಗಿದೆ. ಕಾವೇರಿಯ ಬೆನ್ನುಗೂನಿನ ಮಹಸೀರ್ ಮೀನು ಬೇರೆಲ್ಲೂ ಇಲ್ಲದ್ದು. ನದಿಯ ಜಾಲವೂ ಮೀನಿಗೆ ದ್ವೀಪವೇ. ನೆಲದ ಮೇಲೆ ಅದು ನಡೆದು ಹೋಗಲಾರದು. 1970ರ ದಶಕದಿಂದೀಚೆಗೆ, ಒಳ್ಳೆಯ ಉದ್ದೇಶದಿಂದಲೇ, ಕೃಷ್ಣಾ ಸೀಮೆಯ ನೀಲಿ ರೆಕ್ಕೆಯ ಮಹಸೀರ್ ಮರಿಗಳನ್ನು ಸಾಕಿ ಕಾವೇರಿಗೆ ಬಿಡಲಾಯಿತು. ಬಿಟ್ಟ ಮೀನು ಹೆಚ್ಚಿತು, ಮನೆಯ ಮೀನು ಕುಸಿಯಿತು. ಆ ಬೆನ್ನುಗೂನಿನ ಮೀನಿನ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿಗೆ ತೀರ ಸಮೀಪದ ಪಟ್ಟಿಯನ್ನೂ ಸೇರಿತು. ಮಹಸೀರ್ ಎಂದರೆ ಮಹಸೀರ್, ಯಾವ ನದಿಯದಾದರೇನು ಎಂಬ ಉಪೇಕ್ಷೆಗೆ ತೆತ್ತ ಬೆಲೆ ಇದು.

ಆದ್ದರಿಂದ, ಸಹೃದಯರೆ, ಸಂರಕ್ಷಣೆಯೆಂದರೆ ಎಲ್ಲವನ್ನೂ ಜೋಡಿಸುವುದೂ ಅಲ್ಲ, ಎಲ್ಲವನ್ನೂ ಬೇಲಿ ಹಾಕಿ ಬಿಡುವುದೂ ಅಲ್ಲ. ಯಾವ ಅಗಲಿಕೆ ಭೂಮಿಯದು, ಯಾವುದು ನಮ್ಮದು ಎಂದು ಮೊದಲು ವಿವೇಚಿಸಬೇಕು. ಚಹಾ ತೋಟದ ಎರಡು ಬದಿಯ ಶೋಲಾ ತುಂಡುಗಳ ನಡುವೆ ಕಾಡಿನ ದಾರಿ ಮರಳಿ ಕಟ್ಟಬೇಕು. ಪಾಲಕ್ಕಾಡಿನ ಆಚೆಯ ಜೀವವನ್ನು ಈಚೆಗೆ, ಒಂದು ನದಿಯ ಮೀನನ್ನು ಇನ್ನೊಂದು ನದಿಗೆ, ತಿಳಿಯದೆ ತಂದು ಬಿಡಬಾರದು. ಅರಣ್ಯ ಮತ್ತು ಮೀನುಗಾರಿಕೆಯ ಯೋಜನೆ ಬರೆಯುವವರು, ಅದಕ್ಕೆ ಸಹಿ ಹಾಕುವವರು, ಅದನ್ನು ಪ್ರಶ್ನಿಸುವ ಹಕ್ಕುಳ್ಳ ನಾವೆಲ್ಲರೂ, ಯಾವುದನ್ನು ಕೂಡಿಸುವ ಮೊದಲೂ ಯಾವುದನ್ನು ಕಡಿಯುವ ಮೊದಲೂ ಒಂದು ಪ್ರಶ್ನೆ ಕೇಳಬೇಕೆಂದು ಕೋರುತ್ತೇನೆ: ಇವು ಅಗಲಿ ಎಷ್ಟು ಕಾಲವಾಯಿತು?